ಕೂರಿಸುತ್ತೀರೋ, ಎಬ್ಬಿಸುತ್ತೀರೋ?

ಎಲ್ಲರಿಗೂ ನಮಸ್ಕಾರ. ಮೆಕ್ಕೆಜೋಳದ ರಾಶಿ ಅರ್ಧಕ್ಕೆ ಬಿಟ್ಟು ಜಗಳೂರು, ಹೊಳಲ್ಕೆರೆ ಕಡೆಯಿಂದೆಲ್ಲ ದಾವಣಗೆರೆಗೆ ಬಂದಿದ್ದೀರಿ. ನನಗಿಂತ ಮುಂಚೆ ಮಾತಾಡಿದವರು ಮರಿ ಮಾಡಿಸುವ ಮಷೀನಿನ ಬಗ್ಗೆ ಚೆನ್ನಾಗಿ ಹೇಳಿದರು. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಹಿತ್ತಿಲಲ್ಲಿ ಎಂಟು ಹತ್ತು ನಾಟಿ ಕೋಳಿ ಸಾಕುವವರಿಗೆ ಮಷೀನು ಯಾಕೆ? ಕರೆಂಟ್ ಹೋದರೂ ನಿಲ್ಲದ ಮಷೀನು, ಕಾವಿಗೆ ಬಂದ ಕೋಳಿ, ನಿಮ್ಮ ಬುಟ್ಟಿಯಲ್ಲೇ ಕೊರಗುಟ್ಟುತ್ತಾ ಕೂತಿದೆ. ಅದಕ್ಕೆ ನಾವು ಕೊಡುವ ಮರ್ಯಾದೆ ಏನು? ಕಾವು ಬಿಡಲಿ ಅಂತ ತಂದು ಬಕೆಟ್ ನೀರಲ್ಲಿ ಅದ್ದುತ್ತೇವೆ. ಮೂಗಿಗೆ ಪುಕ್ಕ ತೂರಿಸುತ್ತೇವೆ. ನಗಬೇಡಿ, ಮಾಡಿದವರು ಇಲ್ಲೇ ಇದ್ದೀರಿ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಕೋಳಿ ಕಾವಿಗೆ ಕೂತಿದೆ ಎಂದು ಗೊತ್ತಾದ ದಿನವೇ ತೀರ್ಮಾನ ಮಾಡಿ. ಕೂರಿಸುತ್ತೀರೋ, ಎಬ್ಬಿಸುತ್ತೀರೋ? ಮೊಟ್ಟೆ ಇಟ್ಟು ಕೂರಿಸುವುದು, ಕಾವು ಬಿಡಿಸಿ ಎಬ್ಬಿಸುವುದು, ಎರಡೂ ಮಾಡದೆ ಸುಮ್ನೆ ಬಿಟ್ಟರೆ ಖಾಲಿ ಬುಟ್ಟಿಯಲ್ಲೇ ವಾರಗಟ್ಟಲೆ ಕೂರುತ್ತದೆ. ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ಕೋಳಿ ಮಾತ್ರ ಸೊರಗಿ ಪುಕ್ಕದ ಗಂಟಾಗುತ್ತದೆ.

ಗುರುತು ಹಿಡಿಯುವುದು ನಿಮಗೇ ಗೊತ್ತು. ಸಂಜೆ ಎಲ್ಲ ಕೋಳಿ ಮೇಲೆ ಹತ್ತಿ ಕೂತರೂ ಈ ಹ್ಯಾಟೆ ಬುಟ್ಟಿ ಬಿಡುವುದಿಲ್ಲ. ಕೈ ಹಾಕಿದರೆ ಮೈಯೆಲ್ಲ ಉಬ್ಬಿಸಿ ಕುಕ್ಕುತ್ತದೆ. ಹೊಟ್ಟೆ ಕೆಳಗೆ ಬೆರಳು ತೂರಿಸಿ ನೋಡಿ. ಪುಕ್ಕ ಉದುರಿ ಬರೀ ಚರ್ಮ ಸಿಗುತ್ತದೆ, ಸುಡುವಷ್ಟು ಬಿಸಿ. ದಿನಕ್ಕೆ ಒಂದು ಸಲ ಎದ್ದು ಬಂದು ತಿಂದು, ನೀರು ಕುಡಿದು, ಒಂದು ದೊಡ್ಡ ಹಿಕ್ಕೆ ಹಾಕಿ ಓಡುತ್ತದೆ. ಆ ವಾಸನೆ ಗೊತ್ತಿರುವವರ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ.

ಇದು ಕೋಳಿಯ ಹಟ ಅಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಕೆಲಸ. ಬಾಣಂತಿಗೆ ಹಾಲು ಬರಿಸುವುದೂ ಅದೇ. ಕೋಳಿಯಲ್ಲಿ ಅದು ಏರಿದರೆ ಮೊಟ್ಟೆ ನಿಲ್ಲುತ್ತದೆ, ಕಾವು ಶುರುವಾಗುತ್ತದೆ. ನಾಟಿ ಕೋಳಿ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕೂರುವುದು ಇದಕ್ಕೇ. ಫಾರಂಗಳಲ್ಲಿರುವ ಬಿಳಿ ಲೆಗಾರ್ನ್ ಜಾತಿಯಲ್ಲಿ ಈ ಗುಣವನ್ನೇ ಆರಿಸಿ ಆರಿಸಿ ತೆಗೆದುಬಿಟ್ಟಿದ್ದಾರೆ. ಹಾರ್ಮೋನಿಗೆ ಬಕೆಟ್ ನೀರು ತೋರಿಸಿ ಹೆದರಿಸಿದರೆ ಏನು ಬಂತು?

ಎಬ್ಬಿಸುವುದಾದರೆ ಹೀಗೆ ಮಾಡಿ. ಎರಡು ಇಟ್ಟಿಗೆ ಮೇಲೆ ಒಂದು ಟೊಮೆಟೊ ಕ್ರೇಟ್ ಇಡಿ. ಕೋಳಿ ಬಿಡಿ. ಇನ್ನೊಂದು ಕ್ರೇಟ್ ಬೋರಲು ಹಾಕಿ ಕಟ್ಟಿ. ಹುಲ್ಲು ಬೇಡ, ಗೋಣಿ ಬೇಡ. ತೂತಿನಿಂದ ಗಾಳಿ ಬಂದು ಹೊಟ್ಟೆ ತಂಪಾಗಬೇಕು, ಅಷ್ಟೇ. ನೆರಳು, ಬೆಳಕು, ಕಾಳು, ನೀರು ಎಲ್ಲ ಇರಲಿ. ಉಪವಾಸ ಕೆಡವಿದರೆ ಮತ್ತೆ ಮೊಟ್ಟೆಗೆ ಬರುವುದೇ ತಡ. ಮೂರು ನಾಲ್ಕು ದಿನ ಬಿಟ್ಟು ಸಂಜೆ ಹೊತ್ತು ಬಿಚ್ಚಿ ನೋಡಿ. ಉಳಿದ ಕೋಳಿ ಜೊತೆ ಮೇಲೆ ಹತ್ತಿದರೆ ಕಾವು ಬಿಟ್ಟಿದೆ. ಬುಟ್ಟಿ ಕಡೆ ಓಡಿದರೆ ಮತ್ತೆ ಕ್ರೇಟಿಗೆ. ಮೊದಲ ದಿನವೇ ಹಾಕಿದ್ದು ಬೇಗ ಬಿಡುತ್ತದೆ. ಹದಿನೈದು ದಿನ ಕೂತು ರುಚಿ ಕಂಡಿದ್ದು ಬೇಗ ಬಿಡುವುದಿಲ್ಲ. ಅದಕ್ಕೇ ಹೇಳುವುದು, ಅವತ್ತೇ ತೀರ್ಮಾನ ಮಾಡಿ ಅಂತ.

ಇನ್ನು ಕೂರಿಸುವ ವಿಷಯ. ನಮ್ಮೂರಲ್ಲಿ ಒಬ್ಬರು ಯಜಮಾನರು ಇದ್ದಾರೆ. ಲೆಕ್ಕಾಚಾರದ ಮನುಷ್ಯ. ಕೋಳಿ ಕಾವಿಗೆ ಕೂತ ದಿನವೇ ದಾವಣಗೆರೆಗೆ ಹೋಗಿ ಒಂದು ಡಜನ್ ಮೊಟ್ಟೆ ತಂದರು. ಒಳ್ಳೆ ದಪ್ಪ, ಬೆಳ್ಳಗೆ. ಬುಟ್ಟಿಗೆ ಬೂದಿ, ಹುಲ್ಲು, ಸಿಡಿಲಿಗೆ ಹೆದರದಿರಲಿ ಅಂತ ಕಬ್ಬಿಣದ ಚೂರು, ಇದ್ದಿಲು. ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೇ ದಿನಕ್ಕೆ ಗುಂಡು ಸುತ್ತಿದರು. ಆ ದಿನ ಬಂತು, ಹೋಯಿತು. ಅಮಾವಾಸ್ಯೆ ಹತ್ತಿರ ಇತ್ತು, ತಡ ಆಗುತ್ತದೆ ಅಂದರು. ಅದೂ ಹೋಯಿತು. ಗುಡುಗಿನ ತಪ್ಪು ಅಂದರು. ಆಮೇಲೆ ಕೋಳಿಗೇ ಬೈದರು, ಸರಿಯಾಗಿ ಕೂರಲಿಲ್ಲ ಅಂತ. ಪಾಪ, ಅದು ಕಣ್ಣು ಮುಚ್ಚದೆ ಕೂತಿತ್ತು. ಕೊನೆಗೆ ಒಂದು ಮೊಟ್ಟೆ ಠಪ್ ಅಂತ ಒಡೆದು, ಇಡೀ ಮನೆ ಹೊರಗೆ ಬಂತು. ಆಗ ಅವರ ಮನೆಯವರು ಮೂಗು ಮುಚ್ಚಿಕೊಂಡೇ ಹೇಳಿದರಂತೆ: "ಹುಂಜನ ಮುಖಾನೇ ನೋಡ್ದಿರೋ ಕೋಳಿ ತತ್ತಿ ಕಣ್ರೀ ಅವು, ಎಲ್ಲಿಂದ ಬರ್ತವೆ ಮರಿ?"

ಫಾರಂ ಶೆಡ್ಡಿನಲ್ಲಿ ಹುಂಜ ಇರುವುದಿಲ್ಲ, ಅಲ್ವಾ? ಆ ಮೊಟ್ಟೆ ತಿನ್ನುವುದಕ್ಕೆ ಮಾತ್ರ. ಹುಂಜ ಓಡಾಡುವ ಮನೆಯ ಮೊಟ್ಟೆಯೇ ಬೇಕು. ಒಂದು ವಾರದ ಒಳಗಿನದು, ತೊಳೆಯದೆ ಇದ್ದದ್ದು. ನಾಟಿ ಹ್ಯಾಟೆಯ ರೆಕ್ಕೆ ಕೆಳಗೆ ಹತ್ತು ಹನ್ನೆರಡು ಸಾಕು. ಆಸೆಗೆ ಹದಿನೆಂಟು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ, ಕೋಳಿ ಮೊಟ್ಟೆಗಳನ್ನು ಸರಿಸುತ್ತಾ ಇರುವುದರಿಂದ ಸರದಿ ಮೇಲೆ ಎಲ್ಲವೂ ಕೆಡುತ್ತವೆ. ಪೆನ್ಸಿಲ್ ಗುರುತು ಹಾಕಿ, ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಇಟ್ಟು ಹೋಗುತ್ತವೆ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ರಕ್ತನಾಳ ಜೇಡರ ಬಲೆ ಥರ ಕಂಡರೆ ಮರಿ ಇದೆ. ಏನೂ ಕಾಣದಿದ್ದರೆ ತೆಗೆದುಹಾಕಿ. ಆ ಯಜಮಾನರು ಅವತ್ತೇ ಟಾರ್ಚ್ ಹಿಡಿದಿದ್ದರೆ ಮನೆ ಉಳಿಯುತ್ತಿತ್ತು.

ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನುತ್ತೇವೆ. ಕಾವಿನಲ್ಲಿ ಮಾತ್ರ ಕೋಳಿಯನ್ನೂ ಕೇಳಬೇಕು, ಕಾಲವನ್ನೂ ಕೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯ ಬಿಸಿಲು ಹೇಗಿರುತ್ತದೆ ನಿಮಗೆ ಗೊತ್ತು. ಕೂಡಿಟ್ಟ ಮೊಟ್ಟೆ ಆ ಸೆಕೆಗೇ ಅರೆಬರೆ ಬೆಳೆದು ಒಳಗೇ ಸಾಯುತ್ತದೆ. ಆಗ ಎಬ್ಬಿಸುವುದೇ ಮೇಲು. ಕೂರಿಸಲೇಬೇಕು ಅಂದರೆ ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆ ಇಟ್ಟು ಅದರಲ್ಲಿ ಮೊಟ್ಟೆ ಕಾಪಾಡಿ. ನನ್ನ ಮಾತು ಕೇಳಿದರೆ ದೀಪಾವಳಿ ಆದಮೇಲೆ ಕೂರಿಸಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮಂಡಕ್ಕಿ ರೆಡಿ ಇದೆಯಂತೆ, ಮಿರ್ಚಿ ಆರುತ್ತಿದೆಯಂತೆ. ಹೇಳುವುದು ಇನ್ನೂ ಬೇಕಾದಷ್ಟಿತ್ತು. ಓಡಿಸಿಬಿಡುತ್ತೇನೆ.

ಗಿರಿರಾಜ ತಳಿಯ ಕೋಳಿಮರಿ ತಂದರೆ ಬಿಸಿಗೆ ಬಲ್ಬ್ ಹಾಕಿ ಒದ್ದಾಡುವ ಬದಲು, ಎರಡು ಮೂರು ವಾರ ಕಾವು ಕೂತ ಕೋಳಿಯ ಕೆಳಗೆ ರಾತ್ರಿ ಬಿಡಿ. ಒಂದೆರಡು ದಿನದ ಮರಿಯೇ ಆಗಬೇಕು. ಬೆಳಗ್ಗೆ ಪಕ್ಕದಲ್ಲೇ ಇದ್ದು ನೋಡಿ, ಕುಕ್ಕಿದರೆ ತಕ್ಷಣ ತೆಗೆಯಿರಿ. ಒಪ್ಪಿಕೊಂಡರೆ ಹದ್ದು, ಬೆಕ್ಕು ಎಲ್ಲ ಅದೇ ನೋಡಿಕೊಳ್ಳುತ್ತದೆ. ಕಾವಿನ ಬುಟ್ಟಿಯಲ್ಲಿ ಕೋಳಿ ಹೇನು ಜಾಸ್ತಿ, ಹುಲ್ಲು ಪ್ರತಿ ಸಲ ಬದಲಿಸಿ. ಹದಿನೆಂಟನೇ ದಿನದ ಮೇಲೆ ಮೊಟ್ಟೆ ಮುಟ್ಟಬೇಡಿ. ಮರಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸೋಟಾ ಲಸಿಕೆಯ ಹನಿ ಹಾಕಿಸಿ.

ಹಿಂದಿನ ಸಾಲಿನಲ್ಲಿ ಅಕ್ಕ ಆಗಿನಿಂದ ಕೈ ಎತ್ತಿಕೊಂಡೇ ಇದ್ದಾರೆ. ಹೇಳಿ ಅಕ್ಕಾ, ನಿಮ್ಮ ಕೋಳಿ ಕೂತು ಎಷ್ಟು ದಿನ ಆಯಿತು?