ಸೋಲಿನ ಕಾಗದಕ್ಕೆ ಸಹಿ ಹಾಕಬೇಕಾದವರು ಯಾರು?

ಎಲ್ಲರಿಗೂ ನಮಸ್ಕಾರ. 1945ರಲ್ಲಿ ಜರ್ಮನಿ ಶರಣಾಗಿದ್ದು ಯಾವತ್ತು? ಪಶ್ಚಿಮ ಯುರೋಪಿನವರನ್ನ ಕೇಳಿದ್ರೆ ಮೇ 8 ಅಂತಾರೆ, ರಷ್ಯಾದವರು ಮೇ 9 ಅಂತಾರೆ. ಮೊದಲ ಸಹಿ ಬಿದ್ದಿದ್ದೇನೋ ಮೇ 7ಕ್ಕೆ! ಎರಡೆರಡು ಸಲ ಸಹಿ ಮಾಡಿಸಿದ್ದು ಸ್ಟಾಲಿನ್ನನ ಹಠ, ಬರೀ ಪ್ರತಿಷ್ಠೆ ಅನ್ನೋರು ಬಹಳ ಜನ. ಪ್ರತಿಷ್ಠೆ ಇತ್ತು, ಇಲ್ಲ ಅನ್ನಲ್ಲ. ಆದ್ರೂ ಆ ಹಠ ಒಳ್ಳೇದೇ ಆಯ್ತು ಅನ್ನೋದು ನನ್ನ ವಾದ.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ 1918ನ್ನ ನೋಡಿ. ಇನ್ನು ಆಗಲ್ಲ, ತಕ್ಷಣ ಕದನ ವಿರಾಮ ಕೇಳಿ ಅಂತ ಸರ್ಕಾರದ ಬೆನ್ನು ಬಿದ್ದವರು ಸೇನೆಯನ್ನ ನಡೆಸ್ತಿದ್ದ ಲುಡೆನ್‌ಡಾರ್ಫ್ ಮತ್ತು ಹಿಂಡೆನ್‌ಬರ್ಗ್. ಆದ್ರೆ ನವೆಂಬರ್ 11ರಂದು ಫ್ರಾನ್ಸಿನ ಕಾಂಪಿಯೆನ್ ಕಾಡಲ್ಲಿ, ಒಂದು ರೈಲು ಬೋಗಿಯೊಳಗೆ, ಮಿತ್ರಪಡೆಗಳ ದಂಡನಾಯಕ ಮಾರ್ಷಲ್ ಫೋಶ್ ಎದುರು ಕೂತ ಜರ್ಮನ್ ನಿಯೋಗದ ಮುಖ್ಯಸ್ಥ ಯಾರು? ಮಥಿಯಾಸ್ ಎರ್ಜ್‌ಬರ್ಗರ್. ಒಬ್ಬ ರಾಜಕಾರಣಿ! ದೊಡ್ಡ ದಂಡನಾಯಕರು ಆ ಕಡೆ ತಲೆಯನ್ನೂ ಹಾಕಲಿಲ್ಲ. ಮರುವರ್ಷ ಇದೇ ಹಿಂಡೆನ್‌ಬರ್ಗ್ ವಿಚಾರಣಾ ಸಮಿತಿ ಮುಂದೆ, ನಮ್ಮ ಸೇನೆಗೆ ಒಳಗಿನವರೇ ಬೆನ್ನ ಹಿಂದಿನಿಂದ ಇರಿದರು ಅಂತ ಹೇಳಿಕೆ ಕೊಟ್ಟ. 1921ರಲ್ಲಿ ಉಗ್ರ ಬಲಪಂಥೀಯರು ಎರ್ಜ್‌ಬರ್ಗರ್‌ನನ್ನ ಗುಂಡಿಕ್ಕಿ ಕೊಂದ್ರು. 1925ರಲ್ಲಿ ಹಿಂಡೆನ್‌ಬರ್ಗ್ ದೇಶದ ಅಧ್ಯಕ್ಷನಾದ. ಮಾಡಿದ್ದುಣ್ಣೋ ಮಹರಾಯ ಅಂತೀವಲ್ಲ, ಇಲ್ಲಿ ಮಾಡಿದವನೊಬ್ಬ, ಉಂಡವನು ಇನ್ನೊಬ್ಬ. ಆ ಬೆನ್ನಿರಿತದ ಸುಳ್ಳನ್ನೇ ಹಿಟ್ಲರ್ ಊರೂರಲ್ಲಿ ಮಾರಿದ.

ಈಗ 1945. ಮೇ 7ರ ನಸುಕಿನ 2:41ಕ್ಕೆ ಫ್ರಾನ್ಸಿನ ರೀಮ್ಸ್‌ನಲ್ಲಿ, ಪಶ್ಚಿಮದ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಮುಖ್ಯ ಕಚೇರಿಯಾಗಿದ್ದ ಶಾಲೆಯಲ್ಲಿ, ಜರ್ಮನಿಯ ಜನರಲ್ ಯೋಡ್ಲ್ ಸಹಿ ಹಾಕಿದ. ಸೋವಿಯತ್ ಪ್ರತಿನಿಧಿಯೂ ಹಾಕಿದ್ದ. ಆದ್ರೂ ಮಾಸ್ಕೋ ಒಪ್ಪಲಿಲ್ಲ: ಬರ್ಲಿನ್‌ನಲ್ಲೇ ಆಗಬೇಕು, ದೊಡ್ಡವರೇ ಬರಬೇಕು. ಮರುದಿನ ರಾತ್ರಿ (ಮಾಸ್ಕೋ ಗಡಿಯಾರದಲ್ಲಿ ಆಗಲೇ ಮೇ 9) ಬರ್ಲಿನ್‌ನ ಕಾರ್ಲ್ಸ್‌ಹೋರ್ಸ್ಟ್‌ನಲ್ಲಿ ಸೋವಿಯತ್ ಮಾರ್ಷಲ್ ಝುಕೋವ್ ಎದುರು ಜರ್ಮನಿಯ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಪರವಾಗಿಯೂ ಸಹಿ ಬಿತ್ತು. ಮೊದಲನೆಯವನು ಫೀಲ್ಡ್ ಮಾರ್ಷಲ್ ಕೈಟೆಲ್. ಈ ಮಹಾಶಯ ಯಾರು ಗೊತ್ತಾ? 1940ರಲ್ಲಿ ಹಿಟ್ಲರ್ ಅದೇ ಹಳೇ ಬೋಗಿಯನ್ನ ಮ್ಯೂಸಿಯಂನಿಂದ ಹೊರಗೆಳೆಸಿ, ಅದೇ ಕಾಡಲ್ಲಿ ನಿಲ್ಲಿಸಿ, ಫ್ರಾನ್ಸಿಗೆ ಅವಮಾನ ಮಾಡಿದನಲ್ಲ, ಆಗ ಜರ್ಮನಿ ಪರ ಸಹಿ ಹಾಕಿದವನು ಇವನೇ. ಈ ಸಲ ಅವನು ಮೇಜಿನ ಇನ್ನೊಂದು ಕಡೆ ಕೂರಬೇಕಾಯ್ತು. ತಪ್ಪನ್ನ ಹೊರಿಸೋಕೆ ಪಕ್ಕದಲ್ಲಿ ಒಬ್ಬ ರಾಜಕಾರಣಿಯೂ ಇರಲಿಲ್ಲ.

ಸಹಿಯಿಂದೇನು ಸ್ವಾಮಿ, ಬರ್ಲಿನ್ನೇ ಪುಡಿಯಾಗಿತ್ತಲ್ಲ ಅಂತೀರಿ. ನಿಜ. 1918ರಲ್ಲಿ ಶತ್ರುಸೇನೆ ಬರ್ಲಿನ್ ಹತ್ತಿರಕ್ಕೂ ಬಂದಿರಲಿಲ್ಲ, ಸುಳ್ಳು ಹೇಳೋಕೆ ಸುಲಭವಾಗಿತ್ತು. ಆದ್ರೆ ಮುರಿದ ಕಟ್ಟಡವನ್ನ ಮತ್ತೆ ಕಟ್ಟಬಹುದು. ಕೈಟೆಲ್‌ನ ಸಹಿಯನ್ನ ಅಳಿಸೋಕಾಗಲ್ಲ.

ನಾಲ್ಕು ತಿಂಗಳಿಗೆ ಟೋಕಿಯೋ ಕೊಲ್ಲಿಯಲ್ಲಿ, ಅಮೆರಿಕದ ಮಿಸ್ಸೌರಿ ಯುದ್ಧನೌಕೆ ಮೇಲೆ, ಜಪಾನಿನದ್ದೂ ಎರಡು ಸಹಿ ಆಯ್ತು. ಸರ್ಕಾರದ ಪರ ವಿದೇಶಾಂಗ ಸಚಿವ ಶಿಗೆಮಿತ್ಸು. ಸೇನೆಯ ಪರ, ಶರಣಾಗತಿಯನ್ನ ವಿರೋಧಿಸಿದ್ದ ಜನರಲ್ ಉಮೆಜು.