ಡೆಮೊ ಕ್ಲಾಸಿನ ಹದಿನೈದು ನಿಮಿಷ: ಮೊದಲ ಶಿಕ್ಷಕ ಹುದ್ದೆಗೆ ತಯಾರಿ

(ಮಂಡ್ಯದಲ್ಲಿ ಬಿ.ಇಡಿ. ಅಂತಿಮ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿದ ಮರುದಿನದಿಂದಲೇ ಮನೆಯಲ್ಲೂ ಬೀದಿಯಲ್ಲೂ ನಿಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಕೆಲಸ ಎಲ್ಲಿ ಆಯ್ತು?” ನಮ್ಮ ಕಡೆ ಬಹಳ ಜನ ಕೊಡುವ ಉತ್ತರವೂ ಒಂದೇ: “ಕಾಲ್‌ಫಾರಂ ಆದಾಗ ಹಾಕ್ತೀನಿ.” ಸರ್ಕಾರಿ ನೇಮಕಾತಿಗೆ ಕಾಯಿರಿ, ಬೇಡ ಎನ್ನುವುದಿಲ್ಲ. ಆದರೆ ತರಗತಿಯೊಳಗೆ ನಿಂತು ಕಾಯಿರಿ. 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ 15,000 ಹುದ್ದೆಗೆ ಅರ್ಜಿ ಕರೆದದ್ದು 2022ರಲ್ಲಿ. ಅಂಥ ದೊಡ್ಡ ನೇಮಕಾತಿ ವರ್ಷವರ್ಷವೂ ಬರುವುದಿಲ್ಲ. ಅದು ಬರುವ ಹೊತ್ತಿಗೆ ಚಾಕ್‌ಪೀಸ್ ಮುಟ್ಟದೆ ಎರಡು ವರ್ಷ ಕಳೆದಿದ್ದರೆ ಓದಿದ್ದೂ ಮರೆತಿರುತ್ತದೆ, ದನಿಯೂ ಕುಗ್ಗಿರುತ್ತದೆ. ಈ ಜೂನ್‌ನಲ್ಲಿ ನೀವು ಯಾವುದಾದರೂ ಒಂದು ತರಗತಿಯ ಮುಂದೆ ನಿಂತಿರಬೇಕು. ಅದಕ್ಕೆ ಏನೇನು ಮಾಡಬೇಕು ಎಂಬುದಷ್ಟೇ ಇವತ್ತಿನ ಮಾತು.

ಮೊದಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದರ ನಿಯಮಗಳೆಲ್ಲ ಬರವಣಿಗೆಯಲ್ಲಿವೆ. ಪತ್ರಿಕೆ 1 ಇರುವುದು 1ರಿಂದ 5ನೇ ತರಗತಿಗೆ, ಪತ್ರಿಕೆ 2 ಇರುವುದು 6ರಿಂದ 8ಕ್ಕೆ. 2023ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1ರಿಂದ 5ನೇ ತರಗತಿಯ ಹುದ್ದೆಗೆ ಬಿ.ಇಡಿ. ನಡೆಯುವುದಿಲ್ಲ, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಎಲ್.ಇಡಿ. ಬೇಕು. ಆದ್ದರಿಂದ ನಿಮ್ಮ ಶ್ರಮವೆಲ್ಲ ಪತ್ರಿಕೆ 2ಕ್ಕೆ ಇರಲಿ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗೆ ತಲಾ 30, ಉಳಿದ 60 ಅಂಕ ಗಣಿತ-ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಅರ್ಹತೆಗೆ ಶೇ 60, ಅಂದರೆ 90 ಅಂಕ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಎಡವುವುದು ಎಲ್ಲಿ ಅಂದರೆ, ಮನಶ್ಶಾಸ್ತ್ರಜ್ಞರಾದ ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್ ಎಂದು ಮೂರು ತಿಂಗಳು ಉರು ಹೊಡೆದು, 60 ಅಂಕದ ವಿಷಯವನ್ನು “ಅದು ಗೊತ್ತಿರೋದೇ ಅಲ್ವಾ” ಎಂದು ಬಿಟ್ಟುಬಿಡುವುದರಲ್ಲಿ. 6, 7, 8ನೇ ತರಗತಿಯ ನಮ್ಮ ರಾಜ್ಯದ ಪಠ್ಯಪುಸ್ತಕಗಳನ್ನು, ಅಭ್ಯಾಸದ ಲೆಕ್ಕಗಳೂ ಸೇರಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಾಡಿ. ಇದೇ ಓದು ಮುಂದೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಗೂ ಬರುತ್ತದೆ. ಅಲ್ಲಿ ವಿಷಯ ಪತ್ರಿಕೆಯಲ್ಲಿ ವಿವರಣಾತ್ಮಕ ಉತ್ತರವೂ ಬರೆಯಬೇಕು. ಬರೀ ಟಿಕ್ ಹಾಕಿ ಅಭ್ಯಾಸವಾದ ಕೈ ಅಲ್ಲಿ ನಿಂತುಬಿಡುತ್ತದೆ. ಖಾಸಗಿ ಶಾಲೆಗೆ ಟಿಇಟಿ ಯಾಕೆ ಎನ್ನುವವರಿಗೊಂದು ಮಾತು: 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಈಗಾಗಲೇ ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವ ಶಿಕ್ಷಕರೂ ಟಿಇಟಿ ಪಾಸಾಗಬೇಕು ಎಂದಿದೆ. ಹೀಗಿರುವಾಗ ಹೊಸಬರನ್ನು ತೆಗೆದುಕೊಳ್ಳುವ ಶಾಲೆ ಟಿಇಟಿ ಇದ್ದವರನ್ನೇ ಮೊದಲು ನೋಡುತ್ತದೆ.

ಇನ್ನು ಕಾಲದ ಲೆಕ್ಕ. ಖಾಸಗಿ ಶಾಲೆಗಳಲ್ಲಿ ಜಾಗ ಖಾಲಿಯಾಗುವುದು ಗೊತ್ತಾಗುವುದು ವಾರ್ಷಿಕ ಪರೀಕ್ಷೆಯ ಆಸುಪಾಸಿನಲ್ಲಿ, ಮಾರ್ಚ್‌ನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಡೆಮೊಗೆ, ಅಂದರೆ ಪಾಠ ಮಾಡಿ ತೋರಿಸಲು, ಕರೆಯುತ್ತಾರೆ. ಫಲಿತಾಂಶ ಬರಲಿ ಎಂದು ಜೂನ್‌ವರೆಗೆ ಕಾದರೆ ವೇಳಾಪಟ್ಟಿ ಆಗಲೇ ಗೋಡೆಗೆ ಅಂಟಿರುತ್ತದೆ. “ನಾಲ್ಕನೇ ಸೆಮಿಸ್ಟರ್ ಫಲಿತಾಂಶ ನಿರೀಕ್ಷೆಯಲ್ಲಿದೆ” ಎಂದು ಬರೆದು ಮಾರ್ಚ್‌ನಲ್ಲೇ ಬಯೋಡೇಟಾ ಕೊಡಿ. ಎರಡನೇ ಅವಕಾಶ ಇರುವುದು ದಸರಾ ರಜೆ ಮುಗಿದ ಮೇಲೆ. ಹೆರಿಗೆ ರಜೆ, ಮದುವೆ, ಬೇರೆ ಕಡೆ ಕೆಲಸ, ಏನೋ ಒಂದು ಕಾರಣಕ್ಕೆ ಅಕ್ಟೋಬರ್-ನವೆಂಬರ್‌ನಲ್ಲಿ ಒಂದೆರಡು ಜಾಗ ತೆರವಾಗಿಯೇ ಆಗುತ್ತವೆ. ಆ ಹೊತ್ತಿನಲ್ಲಿ ಸ್ಪರ್ಧೆಯೂ ಕಡಿಮೆ. ಹತ್ತನೇ ತರಗತಿಯ ಪಾಠ ಅರ್ಧಕ್ಕೆ ನಿಂತಿರುವ ಶಾಲೆಗೆ ನಾಳೆಯೇ ಬರುವವರು ಬೇಕಾಗಿರುತ್ತಾರೆ.

ನೀವು ಇಂಟರ್ನ್‌ಶಿಪ್ ಮಾಡಿದ ಶಾಲೆಯನ್ನು ಮರೆಯಬೇಡಿ. ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯಲ್ಲೇ ಕಳೆದಿರುತ್ತೀರಿ. ನಿಮ್ಮ ಪಾಠ ಕಣ್ಣಾರೆ ಕಂಡವರು ಅಲ್ಲಿನ ಹೆಡ್‌ಮಾಸ್ಟರು. ಅವರಲ್ಲಿ ಜಾಗ ಇಲ್ಲದಿದ್ದರೂ ಪಕ್ಕದ ಶಾಲೆಗೆ ಒಂದು ಫೋನ್ ಮಾಡಬಲ್ಲರು.

ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ದಾರಿ ಬೇರೆ. ಖಾಲಿ ಹುದ್ದೆಗೆ ಎದುರಾಗಿ ಆಯಾ ಶಾಲೆಗೇ ತೆಗೆದುಕೊಳ್ಳುತ್ತಾರೆ. ಮೇ ಕೊನೆಯ ವಾರದಿಂದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಯಾವ ಶಾಲೆಗೆ ಯಾವ ವಿಷಯ ಮಂಜೂರಾಗಿದೆ ಎಂದು ವಿಚಾರಿಸಿ, ನೇರವಾಗಿ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿ. ಗೌರವಧನ ತಿಂಗಳಿಗೆ ಸರಿಯಾಗಿ ಕೈಸೇರದೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದುಂಟು. ಅಷ್ಟು ದಿನದ ಬಸ್ ಚಾರ್ಜಿಗೆ, ಊಟಕ್ಕೆ ಮೊದಲೇ ದಾರಿ ಮಾಡಿಕೊಂಡು ಹೋಗಿ. ಕಿರಿಯ ತರಗತಿಗಳನ್ನೂ ನೋಡಿಕೊಳ್ಳಬೇಕಾದ ಚಿಕ್ಕ ಶಾಲೆಗೆ ಹೋಗುವುದಾದರೆ ನಲಿ-ಕಲಿ ತರಗತಿಯೊಂದರಲ್ಲಿ ಎರಡು ದಿನ ಕುಳಿತು ನೋಡಿ. 1995ರಲ್ಲಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲೇ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಗುಂಪು ಗುಂಪಾಗಿ, ಕಾರ್ಡು ಹಿಡಿದು ಕೂತಿರುತ್ತಾರೆ. ನೋಡದೆ ಹೋದವರಿಗೆ ಮೊದಲ ದಿನ ದಿಕ್ಕೇ ತೋಚುವುದಿಲ್ಲ.

ಬಯೋಡೇಟಾ ಒಂದೇ ಪುಟ. ಮೇಲಿನ ಮೂರು ಸಾಲಿನಲ್ಲೇ ಯಾವ ವಿಷಯ, ಯಾವ ತರಗತಿ, ಯಾವ ಮಾಧ್ಯಮ ಎಂಬುದು ಕಾಣಬೇಕು. ತಂದೆಯ ಹೆಸರು, ಧರ್ಮ, ಹವ್ಯಾಸದಿಂದ ಶುರುವಾಗುವ ಬಯೋಡೇಟಾದಲ್ಲಿ “ಗಣಿತ, ಭೌತಶಾಸ್ತ್ರ” ಎರಡನೇ ಪುಟಕ್ಕೆ ಹೋಗಿರುತ್ತದೆ. ಇಂಟರ್ನ್‌ಶಿಪ್‌ನಲ್ಲಿ ಯಾವ ಯಾವ ಘಟಕ ಪಾಠ ಮಾಡಿದಿರಿ ಎಂದು ಹೆಸರು ಹಿಡಿದು ಬರೆಯಿರಿ: “8ನೇ ತರಗತಿ, ಬೀಜೋಕ್ತಿಗಳು, 9 ಪೀರಿಯಡ್” ಎಂಬ ಒಂದು ಸಾಲು “ಕಷ್ಟಪಟ್ಟು ದುಡಿಯುವ ಸ್ವಭಾವ” ಎಂಬ ಹತ್ತು ಸಾಲಿಗಿಂತ ತೂಕದ್ದು.

ಈಗ ಡೆಮೊ ಕ್ಲಾಸಿಗೆ ಬರೋಣ. ಖಾಸಗಿ ಶಾಲೆಯಲ್ಲಿ ಕೆಲಸ ತೀರ್ಮಾನವಾಗುವುದು ಇಲ್ಲೇ. ಸಾಮಾನ್ಯವಾಗಿ 15ರಿಂದ 20 ನಿಮಿಷ ಕೊಡುತ್ತಾರೆ. ಕೆಲವೆಡೆ ಮಕ್ಕಳಿರುತ್ತಾರೆ, ಬೇಸಿಗೆ ರಜೆಯಲ್ಲಾದರೆ ಮೂವರು ಶಿಕ್ಷಕರೇ ಬೆಂಚಿನ ಮೇಲೆ ಮಕ್ಕಳಂತೆ ಕೂತಿರುತ್ತಾರೆ. ಹೆಚ್ಚಿನವರು ಮಾಡುವ ತಪ್ಪೆಂದರೆ 40 ನಿಮಿಷದ ಪಾಠ ಯೋಜನೆಯನ್ನೇ 15 ನಿಮಿಷಕ್ಕೆ ತುರುಕುವುದು. ಬೋರ್ಡಿನ ಮೇಲೆ ದಿನಾಂಕ, ತರಗತಿ, ವಿಷಯ, ಘಟಕ, ಉಪಘಟಕ ಎಂದು ಬರೆಯುವುದರಲ್ಲೇ ಎರಡು ನಿಮಿಷ ಹೋಯಿತು. ಪೀಠಿಕೆ ಪ್ರಶ್ನೆಗೆ ನಾಲ್ಕು ನಿಮಿಷ. ನಿಜವಾದ ಪಾಠ ಶುರುವಾಗುವಷ್ಟರಲ್ಲಿ “ಸಾಕು” ಎನ್ನುತ್ತಾರೆ. ಒಂದೇ ಒಂದು ಅಂಶ ಆರಿಸಿಕೊಳ್ಳಿ. “ಭಿನ್ನರಾಶಿಗಳು” ಎಂದರೆ ಒಂದು ಘಟಕವಾಯಿತು. “ಅರ್ಧ ದೊಡ್ಡದೋ, ಮೂರನೇ ಒಂದು ಭಾಗ ದೊಡ್ಡದೋ” ಎಂದರೆ ಹದಿನೈದು ನಿಮಿಷಕ್ಕೆ ಸರಿಹೋಗುವ ಪಾಠ.

ಅದನ್ನೇ ಹಿಡಿದು ನೋಡೋಣ. ಎರಡಕ್ಕಿಂತ ಮೂರು ದೊಡ್ಡದು, ಆದ್ದರಿಂದ ಮೂರನೇ ಒಂದು ಭಾಗವೂ ಅರ್ಧಕ್ಕಿಂತ ದೊಡ್ಡದು ಎಂದು ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಈ ತಪ್ಪು ತಿಳಿವಳಿಕೆ ಹೊರಗೆ ಬರುವಂತೆ ಮಾಡುವುದೇ ನಿಮ್ಮ ಮೊದಲ ಕೆಲಸ. ಪ್ರಶ್ನೆ ಕೇಳಿ, ಯಾರನ್ನೂ ಉತ್ತರಿಸಲು ಬಿಡದೆ, ಪ್ರತಿ ಮಗುವೂ ತನ್ನ ಪುಸ್ತಕದಲ್ಲಿ ಬರೆಯಲಿ. ಮುಂದಿನ ಬೆಂಚಿನ ಜಾಣ ಮಗು ಕೂಗಿ ಹೇಳಿಬಿಟ್ಟರೆ ಉಳಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ನಿಮಗೆ ಗೊತ್ತಾಗುವುದೇ ಇಲ್ಲ. ಆಮೇಲೆ ಪ್ರತಿ ಇಬ್ಬರಿಗೆ 24 ಸೆಂಟಿಮೀಟರ್ ಉದ್ದದ ಎರಡು ಕಾಗದದ ಪಟ್ಟಿ ಕೊಡಿ. ಒಂದನ್ನು ಸರಿಯಾಗಿ ಎರಡಾಗಿ ಮಡಿಸಲಿ, 12 ಬಂತು. ಇನ್ನೊಂದನ್ನು ಮೂರಾಗಿ ಮಡಿಸುವುದು ಮಕ್ಕಳಿಗೆ ಕಷ್ಟ, ಅದಕ್ಕೇ ನಿಮಿಷಗಟ್ಟಲೆ ಹೋಗುತ್ತದೆ. ಆದ್ದರಿಂದ 8 ಮತ್ತು 16 ಸೆಂಟಿಮೀಟರಿನಲ್ಲಿ ನೀವೇ ಮನೆಯಲ್ಲಿ ಪೆನ್ಸಿಲಿನ ಗೆರೆ ಹಾಕಿಟ್ಟಿರಬೇಕು. ಪಟ್ಟಿಗಳ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಪಾಠ ಕೆಟ್ಟಿತು, ಸ್ಕೇಲು ಇಟ್ಟೇ ಕತ್ತರಿಸಿ. ಹನ್ನೆರಡನ್ನೂ ಎಂಟನ್ನೂ ಪಕ್ಕಪಕ್ಕ ಇಟ್ಟಾಗ ಮಗು ತಾನು ಬರೆದದ್ದನ್ನು ತಾನೇ ಹೊಡೆದುಹಾಕುತ್ತದೆ. ಆ ಗಳಿಗೆಯಲ್ಲಿ “ಯಾಕೆ ಹೀಗಾಯ್ತು?” ಎಂದು ಕೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಉತ್ತರ ಬರುತ್ತದೆ: “ಜಾಸ್ತಿ ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಕಮ್ಮಿ ಸಿಗ್ತದೆ ಮಿಸ್.” ಇದನ್ನು ಆ ಮಗುವಿನ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. ಕೊನೆಗೆ ನಾಲ್ಕನೇ ಒಂದು, ಐದನೇ ಒಂದು ಕೊಟ್ಟು, ಪಟ್ಟಿ ಮುಟ್ಟದೆ ಹೇಳಲು ಬಿಡಿ.

ಇದೇ ಪಾಠಕ್ಕೆ ಕೆಲವರು ಬೋರ್ಡಿನ ಮೇಲೆ ರೊಟ್ಟಿಯ ಚಿತ್ರ ಬರೆಯುತ್ತಾರೆ. ಕೈಯಲ್ಲಿ ಬರೆದ ವೃತ್ತವನ್ನು ಮೂರು ಸಮಭಾಗ ಮಾಡುವುದು ಸುಲಭವಲ್ಲ, ಒಂದು ತುಂಡು ದೊಡ್ಡದಾಗಿಯೇ ಬರುತ್ತದೆ. ಮಕ್ಕಳು ನೋಡುವುದು ಅದನ್ನೇ.

ಹಿಂದಿನ ಬೆಂಚಿಗೆ ಅಕ್ಷರ ಕಾಣಬೇಕಾದರೆ ಸುಮಾರು ಎರಡು ಇಂಚು ಎತ್ತರ ಬೇಕು. ಬರೆಯುವಾಗ ಬೋರ್ಡಿನ ಜೊತೆ ಮಾತಾಡಬೇಡಿ. ಬರೆದು, ತಿರುಗಿ, ಆಮೇಲೆ ಮಾತಾಡಿ. “ಅರ್ಥ ಆಯ್ತಾ?” ಎಂಬ ಪ್ರಶ್ನೆಯನ್ನು ಪೂರ್ತಿ ಬಿಟ್ಟುಬಿಡಿ. ಅದಕ್ಕೆ ಇಡೀ ತರಗತಿ “ಹ್ಞೂಂ ಮಿಸ್” ಎಂದು ರಾಗವಾಗಿ ಹೇಳುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆಯ್ಕೆಗೆ ಕೂತವರು ಆಗ ನೋಡುವುದು, ಈ ಅಭ್ಯರ್ಥಿಗೆ ಮಕ್ಕಳು ಕಾಣುತ್ತಿದ್ದಾರೋ, ತನ್ನ ಪಾಠ ಮಾತ್ರ ಕಾಣುತ್ತಿದೆಯೋ ಎಂದು. ತಪ್ಪು ಉತ್ತರ ಕೊಟ್ಟ ಮಗುವನ್ನು ದಾಟಿ ಸರಿ ಉತ್ತರಕ್ಕೆ ಹೋಗುವವರು ಬಹಳ. ಆ ಮಗುವಿನ ಹತ್ತಿರವೇ ನಿಂತು “ಹೇಗೆ ಬಂತು ಅಂತ ಹೇಳು ನೋಡೋಣ” ಎನ್ನುವವರು ಕಡಿಮೆ, ಕೆಲಸ ಸಿಗುವುದು ಅವರಿಗೆ.

ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗಲು ಹಳ್ಳಿಯಿಂದ ಬಂದ, ಕನ್ನಡದಲ್ಲೇ ಓದಿದ ನಿಮ್ಮಲ್ಲಿ ಹಲವರಿಗೆ ಅಳುಕಿದೆ. ತರಗತಿ ನಡೆಸಲು ಬೇಕಾದ ಇಂಗ್ಲಿಷ್ ಅಷ್ಟು ದೊಡ್ಡದಲ್ಲ. “ಓಪನ್ ಯುವರ್ ನೋಟ್‌ಬುಕ್ಸ್”, “ವರ್ಕ್ ಇನ್ ಪೇರ್ಸ್”, “ಹೌ ಡಿಡ್ ಯು ಗೆಟ್ ಇಟ್?” ಇಂಥ ಐವತ್ತು ಅರವತ್ತು ವಾಕ್ಯ ಮತ್ತು ನಿಮ್ಮ ವಿಷಯದ ಪಾರಿಭಾಷಿಕ ಪದಗಳು. ದಿನಕ್ಕೆ ಐದು ವಾಕ್ಯ, ಗಟ್ಟಿಯಾಗಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಿದರೆ ಎರಡು ವಾರದಲ್ಲಿ ನಾಲಿಗೆ ತಿರುಗುತ್ತದೆ.

ಡೆಮೊ ನಂತರದ ಸಂದರ್ಶನದಲ್ಲಿ ಹೆಚ್ಚುಕಡಿಮೆ ಬಂದೇ ಬರುವ ಪ್ರಶ್ನೆ: “ಮಗು ಹೇಳಿದ ಮಾತು ಕೇಳದಿದ್ದರೆ ಏನು ಮಾಡ್ತೀರಿ?” “ಒಂದೇಟು ಹಾಕ್ತೀನಿ” ಎಂದರೆ ಅಲ್ಲಿಗೇ ಮುಗಿಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಜಾಗ ಬದಲಿಸುತ್ತೇನೆ, ಚಿಕ್ಕ ಜವಾಬ್ದಾರಿ ಕೊಡುತ್ತೇನೆ, ತರಗತಿ ಮುಗಿದ ಮೇಲೆ ಒಬ್ಬನನ್ನೇ ಕರೆದು ಮಾತಾಡುತ್ತೇನೆ, ಆಮೇಲೆ ಮನೆಯವರೊಂದಿಗೆ ಎಂದು ಕ್ರಮವಾಗಿ ಹೇಳಿ.

ನಿಮ್ಮ ಸರದಿ ಬಂದಾಗ ನೀವೂ ಕೇಳಬೇಕು. ವಾರಕ್ಕೆ ಎಷ್ಟು ಪೀರಿಯಡ್? ನನ್ನದಲ್ಲದ ವಿಷಯವೂ ಇದೆಯೇ? ನೇಮಕಾತಿ ಆದೇಶ ಬರವಣಿಗೆಯಲ್ಲಿ ಕೊಡುತ್ತೀರಾ? ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆಯೇ, ಬೇಸಿಗೆ ರಜೆಯ ಎರಡು ತಿಂಗಳಿಗೂ ಇದೆಯೇ? 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯನಿಧಿ ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 12, ಸಂಸ್ಥೆಯದೂ ಅಷ್ಟೇ. ಎರಡೂ ಪಾಲನ್ನು ನಿಮ್ಮ ಸಂಬಳದಲ್ಲೇ ಹಿಡಿಯುವುದು ಸರಿಯಲ್ಲ, ಕೇಳಿ ತಿಳಿದುಕೊಳ್ಳಿ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ದಿನಾ ಓಡಾಡುವುದಾದರೆ ರೈಲಿನ ಪಾಸು, ನಿಲ್ದಾಣದಿಂದ ಶಾಲೆಗೆ ಆಟೊ, ಎಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಒಪ್ಪುವ ಮೊದಲೇ ಲೆಕ್ಕ ಹಾಕಿ. ಮೂಲ ಅಂಕಪಟ್ಟಿಗಳನ್ನು ಯಾರೇ ಕೇಳಲಿ, ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಪ್ರತಿ ವಾಪಸ್ ತನ್ನಿ. ಅದನ್ನು ಇಟ್ಟುಕೊಂಡು ನಡುವೆ ಬಿಡದಂತೆ ಕಟ್ಟಿಹಾಕುವುದುಂಟು. ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೆ ಕರೆ ಬಂದ ದಿನ ಅದೇ ಕೈಯಲ್ಲಿರುವುದಿಲ್ಲ.

ದಾಖಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗದ ಪ್ರಮಾಣಪತ್ರ ಬೇಕು. ಓದಿದ ಶಾಲೆ ಎರಡೋ ಮೂರೋ ಇದ್ದರೆ ಅಷ್ಟೂ ಕಡೆಯಿಂದ ತರಬೇಕು, ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹಾಕಿಸಬೇಕು. ಅರ್ಜಿಯ ಕೊನೆಯ ದಿನಾಂಕದ ನಂತರ ಪಡೆದದ್ದು ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಪದವಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇರುವವರು ಈ ಬೇಸಿಗೆಯಲ್ಲೇ ಸರಿಮಾಡಿಸಿಕೊಳ್ಳಿ.

ಊಟದ ನಂತರ ಎರಡೂವರೆಗೆ ಇದೇ ಕೋಣೆಯಲ್ಲಿ ಸೇರೋಣ. ಕಾಗದ, ಸ್ಕೇಲು, ಕತ್ತರಿ ಮೇಜಿನ ಮೇಲಿವೆ. ನಿಮ್ಮ ವಿಷಯದಲ್ಲಿ ಮಕ್ಕಳು ಮಾಡುವ ಒಂದೇ ಒಂದು ತಪ್ಪನ್ನು ಚೀಟಿಯಲ್ಲಿ ಬರೆದು ತನ್ನಿ. ಒಬ್ಬೊಬ್ಬರಿಗೆ ಎಂಟು ನಿಮಿಷ, ಹಿಂದಿನ ಬೆಂಚಿನಿಂದ ಶುರು ಮಾಡೋಣ.