ಯಾವ ಕಡೆಯವರು ಅಂತ ಕೇಳುವ ಊರು

ಅಧ್ಯಕ್ಷರೇ, ಗೆಳೆಯರೇ,

ಉತ್ತರ ಐರ್ಲೆಂಡಿನ ಮೂವತ್ತು ವರ್ಷದ ಗಲಭೆಯ ಕತೆ ನಿಮಗೆಲ್ಲ ಗೊತ್ತೇ ಇದೆ. ಒಂದು ಕಡೆ ಹೆಚ್ಚಾಗಿ ಐರ್ಲೆಂಡ್ ಜೊತೆ ಸೇರಬೇಕು ಅನ್ನುವ ಕ್ಯಾಥೊಲಿಕ್ಕರು, ಇನ್ನೊಂದು ಕಡೆ ಹೆಚ್ಚಾಗಿ ಬ್ರಿಟನ್ ಜೊತೆಗೇ ಉಳಿಯಬೇಕು ಅನ್ನುವ ಪ್ರಾಟೆಸ್ಟೆಂಟರು. 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಯಾರು ಎಲ್ಲಿ ಬಾಂಬ್ ಇಟ್ಟರು ಅನ್ನೋದಕ್ಕೆ ನಾನು ಇವತ್ತು ಹೋಗುವುದಿಲ್ಲ. ಆಗ ಅಲ್ಲಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಬೆಳೆದ ಮಕ್ಕಳ ಬಗ್ಗೆ ಮಾತಾಡಬೇಕು.

ಅಂಥ ಊರಲ್ಲಿ ಬೆಳೆದವರು ಒಂದೋ ಕುಗ್ಗಿ ಹೋಗಿರುತ್ತಾರೆ, ಇಲ್ಲಾ ತುಂಬ ಗಟ್ಟಿಯಾಗಿರುತ್ತಾರೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ನನಗೆ ಇದು ಒಪ್ಪಿಗೆ ಇಲ್ಲ. ಎದುರಿಗಿರುವವರು ಯಾವ ಕಡೆಯವರು ಅಂತ ಅಳೆಯುವುದನ್ನು ಆ ಊರು ಮಕ್ಕಳಿಗೆ ಭಯಕ್ಕಿಂತ ಮೊದಲೇ ಕಲಿಸಿತು. ತಾನು ಯಾರು ಅನ್ನೋದೂ ಮಗುವಿಗೆ ತಿಳಿದದ್ದು ಆ ಅಳತೆಯಿಂದಲೇ.

ಅಲ್ಲಿ ಓದುತ್ತಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಎಪ್ಪತ್ತರ ದಶಕದಲ್ಲಿ ಅಲ್ಲೇ ಬೆಳೆದವರು. ಬಾಲ್ಯ ತುಂಬ ಕಷ್ಟದ್ದಾಗಿತ್ತಾ ಅಂತ ಕೇಳಿದೆ. "ಇಲ್ಲಪ್ಪ, ಎಲ್ಲರ ಹಾಗೇ ಇತ್ತು" ಅಂದರು. ಆಮೇಲೆ ಈ ಕತೆ ಹೇಳಿದರು. ಆ ದಿನಗಳಲ್ಲಿ ಸಿಟಿ ಸೆಂಟರ್ ಸುತ್ತ ಕಬ್ಬಿಣದ ಗೇಟುಗಳಿದ್ದವು. ಒಳಗೆ ಹೋಗುವವರ ಮೈ ತಡವಿ ನೋಡುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ಮತ್ತೆ ಬ್ಯಾಗಿನ ತಪಾಸಣೆ. ಗೇಟು ಕಂಡ ಕೂಡಲೇ ಇವರು ಕೋಟಿನ ಗುಂಡಿ ಬಿಚ್ಚಿ ಕೈ ಎತ್ತಿ ನಿಲ್ಲುತ್ತಿದ್ದರಂತೆ, ಯಾರೂ ಹೇಳಬೇಕಾಗಿರಲಿಲ್ಲ. ತಮ್ಮನಿಗಂತೂ ಅದೊಂದು ಆಟ, ಅಕ್ಕನಿಗಿಂತ ಮೊದಲು ಕೈ ಎತ್ತಬೇಕು!

ದೊಡ್ಡವರಾದ ಮೇಲೆ ಮೊದಲ ಸಲ ಲಂಡನ್ನಿಗೆ ಹೋದರು. ಒಂದು ದೊಡ್ಡ ಅಂಗಡಿಯ ಬಾಗಿಲಲ್ಲಿ ಬ್ಯಾಗ್ ತೆರೆದು ಹಿಡಿದು ಸುಮ್ನೆ ನಿಂತರು. ಯಾರೂ ನೋಡಲು ಬರಲಿಲ್ಲ. ಹಿಂದೆ ಜನ ಸೇರಿದರು. ಒಳಗಿಂದ ಹುಡುಗಿಯೊಬ್ಬಳು ಬಂದು, "ಏನಾದ್ರೂ ಕಳೆದುಹೋಯ್ತಾ?" ಅಂತ ಕೇಳಿದಳು. ಇವರಿಗೆ ಏನು ಹೇಳಬೇಕೋ ತೋಚಲಿಲ್ಲ. ಎಲ್ಲರ ಹಾಗಿನ ಬಾಲ್ಯ ಅಂದುಕೊಂಡಿದ್ದರಲ್ಲ, ಅದರ ಬಗ್ಗೆ ಮೊದಲ ಅನುಮಾನ ಬಂದದ್ದು ಅಲ್ಲಿ. ಊರಲ್ಲೇ ಇದ್ದಿದ್ದರೆ ಬರುತ್ತಲೇ ಇರಲಿಲ್ಲವೇನೋ.

ತಪಾಸಣೆ ಸೈನಿಕರು ಮಾತ್ರ ಮಾಡುತ್ತಿದ್ದದ್ದಲ್ಲ. ಮಕ್ಕಳೂ ಮಾಡುತ್ತಿದ್ದರು. ಕ್ಯಾಥೊಲಿಕ್ ಮಕ್ಕಳದು ಒಂದು ಶಾಲೆ, ಪ್ರಾಟೆಸ್ಟೆಂಟ್ ಮಕ್ಕಳದು ಇನ್ನೊಂದು. ಹೆಸರು ಕೇಳಿದರೆ ಅರ್ಧ ಗೊತ್ತಾಗುತ್ತಿತ್ತು, ಶಾಲೆ ಕೇಳಿದರೆ ಪೂರ್ತಿ. ಆಟವೂ ಹೇಳುತ್ತಿತ್ತು: ಐರ್ಲೆಂಡಿನ ಹಳೇ ಕೋಲು-ಚೆಂಡಿನ ಆಟ ಹರ್ಲಿಂಗ್ ಆಡುವವರು ಕ್ಯಾಥೊಲಿಕ್ ಕಡೆ, ರಗ್ಬಿ ಆಡುವವರು ಪ್ರಾಟೆಸ್ಟೆಂಟ್ ಕಡೆ. ನಮ್ಮ ಯಜಮಾನಿ ಬಸ್ ಹತ್ತುವ ಮೊದಲು ಶಾಲೆಯ ಟೈ ಬಿಚ್ಚಿ ಬ್ಯಾಗಿಗೆ ಹಾಕುತ್ತಿದ್ದರು. ಹನ್ನೊಂದು ವರ್ಷದ ಹುಡುಗಿಗೆ ತಾನು ಯಾರು ಅನ್ನೋದು ಆ ಟೈಯಲ್ಲಿ ಇತ್ತು. ಬೆಳಿಗ್ಗೆ ಕಟ್ಟಿಕೊಳ್ಳಬೇಕು, ಬಸ್ಸಲ್ಲಿ ಬಚ್ಚಿಡಬೇಕು.

ಅಲ್ಲಿ ಎರಡೂ ಕಡೆಯವರು ಹೇಳಿ ನಗುವ ಒಂದು ಹಳೇ ಜೋಕಿದೆ. ರಾತ್ರಿ ಒಬ್ಬನನ್ನು ಅಡ್ಡಗಟ್ಟಿ, "ಕ್ಯಾಥೊಲಿಕ್ಕೋ ಪ್ರಾಟೆಸ್ಟೆಂಟೋ?" ಅನ್ನುತ್ತಾರೆ. "ನಾನು ಯಹೂದಿ" ಅನ್ನುತ್ತಾನೆ. "ಸರಿ, ಕ್ಯಾಥೊಲಿಕ್ ಯಹೂದಿಯೋ, ಪ್ರಾಟೆಸ್ಟೆಂಟ್ ಯಹೂದಿಯೋ?" ನನ್ನನ್ನೂ ಒಬ್ಬ ಟ್ಯಾಕ್ಸಿ ಚಾಲಕ ಹಾಗೇ ಕೇಳಿದ, ಹಿಂದೂ ಅಂದಿದ್ದಕ್ಕೆ! ಇಬ್ಬರೂ ಮನಸಾರೆ ನಕ್ಕೆವು. ಆದರೆ ನೋಡಿ, ಅಳೆಯುವವರ ಹತ್ತಿರ ಇರೋದು ಎರಡೇ ಡಬ್ಬಿ. ಮೂರನೆಯವನಿಗೆ ಜಾಗವೇ ಇಲ್ಲ.

ಇನ್ನು ಎರಡೂ ಕಡೆಯವರ ಬಡಾವಣೆಗಳ ನಡುವಿನ ಗೋಡೆಗಳು. 1969ರಲ್ಲಿ ತಾತ್ಕಾಲಿಕ ಅಂತ ಹಾಕಿದ್ದು. ಪ್ರಾಟೆಸ್ಟೆಂಟರ ಶಾಂಕಿಲ್ ಮತ್ತು ಕ್ಯಾಥೊಲಿಕ್ಕರ ಫಾಲ್ಸ್ ರಸ್ತೆಗಳ ನಡುವಿನದು ಇವತ್ತಿಗೂ ನಿಂತಿದೆ. ಉತ್ತರ ಬೆಲ್‌ಫಾಸ್ಟ್‌ನ ಅಲೆಕ್ಸಾಂಡ್ರಾ ಪಾರ್ಕ್‌ಗೆ ನಾನು ಹೋಗಿದ್ದೆ. ಪಾರ್ಕಿನ ನಡುವೆಯೇ ತಗಡಿನ ಗೋಡೆ. ಅದನ್ನು ಹಾಕಿದ್ದು 1994ರಲ್ಲಿ, ಕದನವಿರಾಮ ಘೋಷಣೆಯಾದ ವರ್ಷದಲ್ಲೇ! ಅದರಲ್ಲೊಂದು ಬಾಗಿಲು ತೆರೆದದ್ದು 2011ರಲ್ಲಿ, ಅದೂ ಹಗಲಲ್ಲಿ ಮಾತ್ರ. 2023ರೊಳಗೆ ಎಲ್ಲ ಗೋಡೆ ತೆಗೆಯುತ್ತೇವೆ ಅಂತ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ತೆಗೆಯಲಿಲ್ಲ. ಒಪ್ಪಂದದ ನಂತರ ಹುಟ್ಟಿ, ಬಾಂಬಿನ ಸದ್ದನ್ನೇ ಕೇಳದ ಮಕ್ಕಳೂ ಅಳತೆಯನ್ನು ಕಲಿಯುತ್ತಿದ್ದಾರೆ. ಭಯಕ್ಕಿಂತ ಅಳತೆಗೆ ಆಯಸ್ಸು ಜಾಸ್ತಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಚೀಟಿ ಬಂತು, ಐದೇ ನಿಮಿಷ. ಇಂಥದ್ದೇ ಇನ್ನೊಂದು ಊರು, ಲೆಬನಾನಿನ ಬೇರುತ್ ಬಗ್ಗೆ ಬರೆದುಕೊಂಡು ಬಂದಿದ್ದನ್ನು ಬಿಡುತ್ತೇನೆ. ಶಾಲೆಗಳ ಬಗ್ಗೆ ಒಂದೇ ಮಾತು. ಎರಡೂ ಕಡೆಯ ಮಕ್ಕಳು ಕೂಡಿ ಓದಲಿ ಅಂತ ಕೆಲವು ಪೋಷಕರು 1981ರಲ್ಲಿ ಲಗಾನ್ ಕಾಲೇಜ್ ಶುರುಮಾಡಿದರು, 28 ಮಕ್ಕಳಿಂದ. ಇಂಥ ಶಾಲೆಗಳಲ್ಲಿ ಓದುವವರು ಈಗಲೂ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ.

ಕೊನೆಯದು. ಐರಿಶ್, ಬ್ರಿಟಿಷ್ ಅಥವಾ ಎರಡೂ ಅಂತ ತಮ್ಮನ್ನು ಕರೆದುಕೊಳ್ಳುವುದು ಅಲ್ಲಿನ ಜನರ ಹುಟ್ಟುಹಕ್ಕು ಅಂತ 1998ರ ಒಪ್ಪಂದ ಒಪ್ಪಿಕೊಂಡಿತು. 2021ರ ಜನಗಣತಿಯಲ್ಲಿ ಸುಮಾರು ಶೇ. 32 ಜನ ಬರೀ ಬ್ರಿಟಿಷ್ ಅಂದರು, ಶೇ. 29 ಜನ ಬರೀ ಐರಿಶ್. ಬರೀ ನಾರ್ದರ್ನ್ ಐರಿಶ್, ಅಂದರೆ ಉತ್ತರ ಐರ್ಲೆಂಡಿನವರು ಅಷ್ಟೇ, ಅಂದವರು ಸುಮಾರು ಶೇ. 20. ಇವರನ್ನು ಯಾವ ಕಡೆಯೂ ನಿಲ್ಲಲಾಗದೆ ನಡುವೆ ಉಳಿದವರು ಅಂತ ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಚಿಕ್ಕಂದಿನಿಂದ ಎರಡೇ ಉತ್ತರ ಕೇಳಿಕೊಂಡು ಬೆಳೆದವರು ಮೂರನೆಯದನ್ನು ಬರೆಸಬೇಕಾದರೆ ಧೈರ್ಯ ಬೇಕು. ಇದನ್ನು ಒಪ್ಪದವರು ಈ ಸಭೆಯಲ್ಲೇ ಇದ್ದಾರೆ ಅಂತ ಗೊತ್ತು. ಮೊದಲ ಪ್ರಶ್ನೆ ಅವರದ್ದೇ ಆಗಲಿ.